ಹದಿನಾರನೆಯ ಮೆಟ್ಟಿಲು

ನಮ್ಮಕ್ಕ ಕಸ್ತೂರಿ ಹನ್ನೊಂದು ಪೆಟ್ಟಿಗೆ. ನಾನು ಅರ್ಧ. ನಮ್ಮೂರಿನಲ್ಲಿ ಹೆಸರು ಕೇಳಿದ ಮೇಲೆ ಜನ ಕೇಳುವ ಎರಡನೆಯ ಮಾತು ಇದೇ. ಅಕ್ಕನ ಸಂಖ್ಯೆ ಹೇಳುವಾಗ ಅಮ್ಮನ ಕತ್ತು ತಾನಾಗಿ ನೇರವಾಗುತ್ತಿತ್ತು. ನನ್ನ ಸರದಿ ಬಂದರೆ, "ಚಿಕ್ಕೋಳು... ಬಿ.ಎ. ಮಾಡಿದಾಳೆ" ಎಂದು ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ಚಳಿ ಶುರುವಾಗುವ ಹೊತ್ತಿಗೆ ಮಾತಿನ ಮನೆಯ ಬರಹದವರು ಪ್ರತಿ ವರ್ಷ ಮನೆಮನೆಗೂ ಬರುತ್ತಾರೆ. ಚಾಪೆ ಹಾಸಿ ಕೂರಿಸಿದರೆ ಮೂರು ದಿನ ಏಳುವುದಿಲ್ಲ. ಅವರು ಕೇಳುತ್ತಾರೆ, ನಾವು ಹೇಳುತ್ತೇವೆ. ಅಂಗೈಯಗಲದ ಕಾರ್ಡಿನಲ್ಲಿ ಮೇಲೆ ಕೇಳಿದ್ದು, ಕೆಳಗೆ ಹೇಳಿದ್ದು, ಮೂಲೆಯಲ್ಲಿ ಅಂಕಿ. ಹಸಿದಾಗ ಕೇಳಿದರೆ ಯಾವ ಕಾರ್ಡು, ಉಂಡ ಮೇಲೆ ಕೇಳಿದರೆ ಯಾವುದು, ಅದನ್ನೇ ಎರಡನೆಯ ಸಲ ಕೇಳಿದರೆ ಯಾವ ಅಂಕಿಗೆ ಹೋಗಬೇಕು ಎಂದು ಅಂಚಿನಲ್ಲಿ ಕೆಂಪು ಶಾಯಿಯ ದಾರಿ. ಒಬ್ಬ ಮನುಷ್ಯನನ್ನು ಬರೆದು ಮುಗಿಸಲು ಸಾಮಾನ್ಯವಾಗಿ ಐದು ಪೆಟ್ಟಿಗೆ ಸಾಕು.

"ಸೀರೆ ಹರಿದುಹೋದ್ರೆ ಏನು ಮಾಡ್ತೀಯಮ್ಮ?" ಎಂದು ಬರಹದವರು ಕೇಳಿದರೆ ಅಕ್ಕ, "ಮೊದ್ಲು ಯಾರ ಮೇಲೆ ಹಾಕ್ಬೋದು ಅಂತ ನೋಡ್ತೀನಿ. ಕುಮ್ಮಿ ಪಕ್ಕದಲ್ಲಿದ್ರೆ ಅವಳೇ ಹರಿದಿದ್ದು" ಎನ್ನುತ್ತಿದ್ದಳು. ಬರಹದವರು ನಕ್ಕು ನಕ್ಕು ಪೆನ್ನು ಕೆಳಗಿಟ್ಟು, ಇನ್ನೊಂದು ಲೋಟ ಕಾಫಿ ಕೇಳುತ್ತಿದ್ದರು. ಕುಮ್ಮಿ ಎಂದರೆ ನಾನು, ಕುಮುದ. ನನ್ನನ್ನು ಕೇಳಿದರೆ ಮೊದಲು ಕಿವಿ ಬಿಸಿಯಾಗುತ್ತಿತ್ತು. ಉತ್ತರ ಒಳಗೆ ಎಲ್ಲೋ ಏಳುತ್ತಿತ್ತು, ಮಾತುಗಳನ್ನು ಒಂದೊಂದಾಗಿ ಜೋಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವರು ಮುಂದಿನ ಪ್ರಶ್ನೆಗೆ ಹೋಗಿರುತ್ತಿದ್ದರು. "ಹೂಂ", "ಇಲ್ಲ", "ಗೊತ್ತಿಲ್ಲ" ಇವೇ ನನ್ನ ಕಾರ್ಡುಗಳು. ಒಂದು ವರ್ಷ ಧೈರ್ಯ ಮಾಡಿ ನನ್ನ ಡೈರಿಗಳನ್ನು ತಂದು ಅವರ ಮುಂದಿಟ್ಟೆ. ಏಳು ನೋಟ್‌ಬುಕ್ಕು. ಅವರು ಮೇಲಿನದನ್ನು ಬೆರಳಿನಲ್ಲಿ ಹಿಂದಕ್ಕೆ ತಳ್ಳಿ, "ಬರೆದಿಟ್ಟಿದ್ದು ಲೆಕ್ಕಕ್ಕಿಲ್ಲಮ್ಮ, ಕೇಳಿದಾಗ ಬಾಯಿಂದ ಬಂದಿದ್ದೇ ಲೆಕ್ಕ" ಎಂದರು.

ಕಾಲೇಜಿಗೆ ಬೇರೆ ಊರಿಗೆ ಹೋಗುತ್ತಿದ್ದೆ. ಅಲ್ಲಿ ತರ್ಕಶಾಸ್ತ್ರದ ಮೇಷ್ಟ್ರು ಒಂದು ದಿನ ಬೋರ್ಡಿನ ಮೇಲೆ ಒಂದು ತಲೆ, ಒಂದು ಕಂಪ್ಯೂಟರ್ ಬರೆದು, ನಡುವೆ ಸಮ ಚಿಹ್ನೆ ಹಾಕಿ, ಅದರ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಹಾಕಿದರು. "ಮನುಷ್ಯನ ಮನಸ್ಸು ಅಂದ್ರೆ ಇಷ್ಟೇನಾ? ಇದು ಕೊಟ್ರೆ ಅದು ಬರುತ್ತೆ, ಅಷ್ಟೇನಾ? ಯೋಚನೆ ಮಾಡಿ." ಹುಡುಗರು ಗಲಾಟೆ ಮಾಡಿ ವಾದ ಮಾಡಿದರು. ನಮ್ಮೂರಿನಲ್ಲಿ ಇದನ್ನು ಯಾರೂ ಕೇಳುವುದಿಲ್ಲ ಸಾರ್ ಎಂದು ಹೇಳಬೇಕೆನಿಸಿತು. ಕೈ ಬೆಂಚಿನಿಂದ ಮೇಲೇಳಲಿಲ್ಲ. ಆ ದಿನದ ಡೈರಿಯಲ್ಲಿ ಆ ಚಿತ್ರ ಬರೆದು, ಕೆಳಗೆ ಜಾಗ ಬಿಟ್ಟಿದ್ದೇನೆ. ಜಾಗ ಇನ್ನೂ ಹಾಗೇ ಇದೆ.

ಡಿಗ್ರಿ ಮುಗಿಸಿ ಬಂದ ಮೇಲೆ ನನಗೆ ಮಾತಿನ ಮನೆಯಲ್ಲೇ ಓದುವವಳ ಕೆಲಸ ಸಿಕ್ಕಿತು. ಸತ್ತವರ ಪೆಟ್ಟಿಗೆಗಳು ಅಲ್ಲಿ ಒಂದೊಂದು ಕೋಣೆಯಲ್ಲಿರುತ್ತವೆ. ಬಿದಿರಿನ ತಡಿಕೆಯ ಆಚೆ ಮಣೆಯ ಮೇಲೆ ಮನೆಯವರು ಬಂದು ಕೂರುತ್ತಾರೆ. ಈಚೆ ಪೆಟ್ಟಿಗೆಗಳ ನಡುವೆ ನಾವು. ಅವರು ಕೇಳಿದ್ದಕ್ಕೆ ಸರಿಯಾದ ಕಾರ್ಡು ಹುಡುಕಿ, ತಳ ತೆಗೆದ ಮಡಕೆಯೊಂದಕ್ಕೆ ಬಾಯಿ ಕೊಟ್ಟು ಓದಬೇಕು. ಮಡಕೆಯೊಳಗಿಂದ ಬರುವಾಗ ಎಲ್ಲರ ದನಿಯೂ ಒಂದೇ. ನೀರಿನ ಪಾತ್ರೆಯಲ್ಲಿ ಸಣ್ಣ ತೂತಿನ ತಾಮ್ರದ ಬಟ್ಟಲು ತೇಲುತ್ತಿರುತ್ತದೆ; ಅದು ಮುಳುಗುವಷ್ಟರಲ್ಲಿ ಕಾರ್ಡು ಸಿಗಬೇಕು. ಸಿಗದಿದ್ದರೆ ಗಂಟೆ ಬಾರಿಸಬೇಕು. ಒಬ್ಬರ ಪೆಟ್ಟಿಗೆಗೆ ಮೂರು ಗಂಟೆ. ಮೂರನೆಯದು ಬಾರಿಸಿದ ದಿನ ಅವರು ಮುಗಿದರು. ಪೆಟ್ಟಿಗೆಗಳನ್ನು ಕೈಗಾಡಿಯಲ್ಲಿ ಹೇರಿ ಕಾಗದದ ಕಾರ್ಖಾನೆಗೆ ಕಳಿಸುತ್ತಾರೆ. ಅಲ್ಲಿ ದೊಡ್ಡ ಕೊಪ್ಪರಿಗೆಯಲ್ಲಿ ಸುಣ್ಣದ ನೀರು ಹಾಕಿ ಬೇಯಿಸಿ, ಅರೆದು, ಹೊಸ ಕಾರ್ಡು ಮಾಡುತ್ತಾರೆ. ಬಿಸಿಲಿಗೆ ಹಿಡಿದು ನೋಡಿದರೆ ಹೊಸ ಕಾರ್ಡುಗಳಲ್ಲೂ ಹಳೆಯ ಅಕ್ಷರಗಳ ನೆರಳು ಕಾಣುತ್ತದೆ.

ನಮ್ಮಮ್ಮ ದೇವೀರಮ್ಮ ಇಪ್ಪತ್ತೆರಡು ವರ್ಷದಿಂದ ಆ ಕೊಪ್ಪರಿಗೆಯ ಮುಂದೆ ನಿಂತಿದ್ದಾಳೆ. ಸುಣ್ಣಕ್ಕೆ ಅವಳ ಅಂಗೈ ಸದಾ ಸುಲಿದಿರುತ್ತದೆ. ನಮ್ಮಪ್ಪ ನಾಲ್ಕು ಪೆಟ್ಟಿಗೆ ಇದ್ದರು. ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಮ್ಮ ಒಂದು ದಿನ ತಡೆಯಲಾರದೆ, "ನನ್ನ ಯಾಕೆ ಹಿಂಗೆ ಬಿಟ್ಟು ಹೋದ್ರಿ?" ಎಂದು ಕೇಳಿಬಿಟ್ಟಳಂತೆ. ಅದಕ್ಕೆಲ್ಲಿ ಕಾರ್ಡಿರುತ್ತದೆ? ಅದು ಮೂರನೆಯ ಗಂಟೆಯಾಗಿತ್ತು. ಅಪ್ಪನ ಪೆಟ್ಟಿಗೆಗಳು ಅವಳ ಕೊಪ್ಪರಿಗೆಗೇ ಬಂದವು, ಅವಳೇ ಕೋಲು ಹಿಡಿದು ತಿರುವಿದಳು. ಊರೆಲ್ಲ ಪೆಟ್ಟಿಗೆಯೇ ಮನುಷ್ಯ ಎಂದು ನಂಬಿದರೂ ಅಮ್ಮ ಮಾತ್ರ ಆಗಾಗ, "ಬೇಯಿಸಿದ್ರೆ ಎಲ್ಲಾ ಒಂದೇ ಬಣ್ಣ. ಕಾಗದ ಕಾಗದಾನೇ" ಎನ್ನುವುದುಂಟು. ಆದರೂ ಕಳೆದ ವರ್ಷ ಕಾಮಾಲೆಯಲ್ಲಿ ಹನ್ನೊಂದೇ ದಿನಕ್ಕೆ ಅಕ್ಕ ಹೋದಾಗ, ಹದಿಮೂರನೆಯ ದಿನಕ್ಕೇ ಅವಳು ಮಾತಿನ ಮನೆಯ ಮಣೆಯ ಮೇಲೆ ಕೂತಿದ್ದಳು.

ಅಂದಿನಿಂದ ಪ್ರತಿ ಮಂಗಳವಾರ. ನಾನು ಪಕ್ಕದ ಕೋಣೆಗಳಲ್ಲಿ ಬೇರೆ ಯಾರನ್ನೋ ಓದುತ್ತಿರುವಾಗ ಗೋಡೆಯಾಚೆಯಿಂದ ಅಮ್ಮ ನಗುವುದು ಕೇಳುತ್ತಿತ್ತು. ಮನೆಯಲ್ಲಿ ಅವಳು ನಗುವುದಿಲ್ಲ. ಮನೆಯಲ್ಲಿ ನಾನಿರುತ್ತೇನೆ.

ನಮ್ಮ ಮೇಲ್ವಿಚಾರಕರು ಸಂಪಂಗಪ್ಪ. ಕೆಲಸಕ್ಕೆ ಸೇರಿದ ದಿನ ಅವರು ಹೇಳಿದ್ದು ಒಂದೇ ಮಾತು: "ಅರ್ಥ ಮಾಡ್ಕೊಳ್ಳೋಕೆ ಹೋಗ್ಬೇಡ ಕಣಮ್ಮ, ಕೈ ನಿಧಾನ ಆಗುತ್ತೆ. ಗಾಳಿ ಬೀಸಿದ್ರೆ ಎಲೆ ಅಲ್ಲಾಡುತ್ತೆ, ಗಾಳಿಗೇನಾದ್ರೂ ಗೊತ್ತಾಗುತ್ತಾ?" ನಾನು ಒಳ್ಳೆಯ ಓದುವವಳಾದೆ. ಸೇರಿಸುವುದಕ್ಕೆ ನನ್ನದು ಅಂತ ಏನೂ ಇರಲಿಲ್ಲವಲ್ಲ. ಒಂಬತ್ತು ವರ್ಷದ ಹಿಂದೆ ಸತ್ತ ಒಬ್ಬ ಗಡಿಯಾರ ರಿಪೇರಿಯವರನ್ನು ನಾನು ಓದುತ್ತೇನೆ. ಅವರ ಮಗ ಪ್ರತಿ ಗುರುವಾರ ಬಂದು, "ಅಪ್ಪಾ, ಊಟ ಆಯ್ತಾ?" ಎನ್ನುತ್ತಾನೆ. "ಆಯ್ತು, ನಿಂದು?" ಎಂದು ಓದುತ್ತೇನೆ. "ಅಂಗಡಿ ಕೀಲಿ ಎಲ್ಲಿಟ್ಟಿದ್ದೀರಿ?" ಎನ್ನುತ್ತಾನೆ. "ಮೊಳೆಗೆ ನೇತು ಹಾಕಿದೀನಿ ನೋಡು" ಎಂದು ಓದುತ್ತೇನೆ. ಆ ಅಂಗಡಿ ಮುಚ್ಚಿ ಏಳು ವರ್ಷವಾಯಿತು. ಅವನು ಕೇಳುವುದು ಐದೇ ಪ್ರಶ್ನೆ, ಐದಕ್ಕೂ ಕಾರ್ಡು ಇದೆ ಎಂದು ಅವನಿಗೆ ಗೊತ್ತು. ಗಂಟೆಗೆ ಹೆದರಿ ಎಲ್ಲರೂ ಹಾಗೇ. ಪೆಟ್ಟಿಗೆಯಲ್ಲಿ ಇರುವುದನ್ನೇ ಕೇಳುವುದು ನಮ್ಮೂರಿನಲ್ಲಿ ಮರ್ಯಾದೆ. ಅಲ್ಲಿ ಹಾಗೆ ಕೇಳಿ ಕೇಳಿ ಜನ ಮನೆಯಲ್ಲೂ, ಬದುಕಿರುವವರ ಹತ್ತಿರವೂ ಹಾಗೇ ಮಾತಾಡಲು ಕಲಿತುಬಿಟ್ಟಿದ್ದಾರೆ. "ತಿಂದ್ಯಾ?" "ಹೂಂ." "ಬಾಗ್ಲು ಹಾಕಿದ್ಯಾ?" "ಹೂಂ." ಪ್ರಶ್ನೆಗಳನ್ನು ಕತ್ತರಿಸುತ್ತಾ ಹೋದರೆ ಎಂಥ ಮನಸ್ಸೂ ಪೆಟ್ಟಿಗೆಯೊಳಗೆ ಹಿಡಿಸುತ್ತದೆ ಎಂದು ಒಂದು ದಿನ ಡೈರಿಯಲ್ಲಿ ಬರೆದೆ. ಮೇಷ್ಟ್ರಿಗೆ ಹೇಳಬಹುದಾಗಿದ್ದ ಉತ್ತರ. ಆದರೆ ಅವರು ಕೇಳಿದ್ದು ಮೂರು ವರ್ಷದ ಹಿಂದೆ.

ಅಮ್ಮನಿಗೆ ಮಾತ್ರ ಆ ಮರ್ಯಾದೆ ಪೂರ್ತಿ ಬರಲೇ ಇಲ್ಲ. ಅಕ್ಕ ಹೋದ ಎರಡನೆಯ ತಿಂಗಳಲ್ಲೇ, "ಅಲ್ಲಿ ಹೊಟ್ಟೆನೋವು ಕಮ್ಮಿಯಾಯ್ತಾ ಮಗಳೇ?" ಎಂದು ಕೇಳಿದ್ದಕ್ಕೆ ಮೊದಲನೆಯ ಗಂಟೆಯಾಯಿತು. ಎರಡನೆಯದು ಯುಗಾದಿಯ ಹತ್ತಿರ. ಹೊಸ ಸೀರೆ ಉಟ್ಟುಕೊಂಡು ಹೋಗಿ, "ಯಾವ ಬಣ್ಣ ಹೇಳು ನೋಡೋಣ" ಎಂದಳಂತೆ. ಆ ದಿನ ಮನೆಗೆ ಬಂದವಳು ಸೀರೆಯನ್ನು ಮಡಿಸಿ ಟ್ರಂಕಿನ ತಳಕ್ಕೆ ಹಾಕಿದಳು. ಮತ್ತೆ ಉಡಲಿಲ್ಲ. ಅಕ್ಕನಿಗೆ ಇನ್ನು ಉಳಿದದ್ದು ಒಂದು ಗಂಟೆ.

ಅಕ್ಕನನ್ನು ಓದುತ್ತಿದ್ದವರು ಅಮೀನಾಬಿ. ಮೂವತ್ತು ವರ್ಷದ ಅನುಭವ. ಪ್ರಶ್ನೆ ಮುಗಿಯುವ ಮೊದಲೇ ಅವರ ಬೆರಳು ಕಾರ್ಡಿನ ಮೇಲಿರುತ್ತಿತ್ತು. ಈ ಸಲ ಅವರೆಕಾಯಿ ಬರುವ ಹೊತ್ತಿಗೆ ಅವರ ಮಗಳಿಗೆ ಹೆರಿಗೆ ಹತ್ತಿರವಾಯಿತು. ಒಂದು ಮಧ್ಯಾಹ್ನ ಬುತ್ತಿ ತಿನ್ನುವಾಗ ನನ್ನ ಪಕ್ಕ ಬಂದು ಕೂತರು.

"ಎರಡು ವಾರ ಇರಲ್ಲ ಕಣೇ ಕುಮುದಾ. ಮಂಗಳವಾರ ನೀನೇ ಕೂತ್ಕೋ."

ನಾನು ಆಗಲ್ಲ ಎಂದು ತಲೆಯಾಡಿಸಿದೆ. ರಕ್ತಸಂಬಂಧದವರು ಓದುವಂತಿಲ್ಲ. ಗೊತ್ತಾದರೆ ಗಂಟೆಯ ಲೆಕ್ಕವೂ ಇಲ್ಲ, ಪೆಟ್ಟಿಗೆಗಳು ನೇರ ಕೊಪ್ಪರಿಗೆಗೆ.

"ನಂಗೆ ರೂಲ್ಸು ಹೇಳ್ಕೊಡ್ಬೇಡ. ಸಂಪಂಗಪ್ಪನಿಗೆ ಹೇಳಿದ್ರೆ ಆ ಹೊಸ ಹುಡುಗೀನ ಕೂರಿಸ್ತಾರೆ. ಅದು ಒಂದು ಕಾರ್ಡು ಹುಡುಕೋಷ್ಟ್ರಲ್ಲಿ ಬಟ್ಟಲು ಮುಳುಗಿ ತಳ ಸೇರಿರುತ್ತೆ. ನಿಮ್ಮಮ್ಮಂಗೆ ಉಳಿದಿರೋದು ಒಂದೇ ಅಲ್ವಾ?" ಎಂದು ರೊಟ್ಟಿಯ ತುಂಡು ನನ್ನ ಡಬ್ಬಿಗೆ ಹಾಕಿದರು. "ನೀನು ಮಾತಾಡೋದೇ ಇಲ್ಲ. ನಿನ್ನ ಗಂಟಲು ಹೆಂಗಿದೆ ಅಂತ ಹೆತ್ತೋಳಿಗೂ ಮರೆತುಹೋಗಿರ್ಬೇಕು. ಮಡಕೆ ಬೇರೆ ಇದೆ. ಯಾರಿಗೆ ಗೊತ್ತಾಗುತ್ತೆ?"

ಮೊದಲನೆಯ ಮಂಗಳವಾರ ಅಮ್ಮ ಬಂದು ಕೂತಾಗ ತಡಿಕೆಯ ಕೆಳಗಿನ ಸಂದಿಯಲ್ಲಿ ಅವಳ ಪಾದಗಳು ಕಂಡವು. ಹಿಮ್ಮಡಿ ಒಡೆದು, ಅದರೊಳಗೆ ಸುಣ್ಣ ಕೂತಿತ್ತು. "ಕಸ್ತೂರೀ" ಎಂದಳು. ಅಂಥ ದನಿ ಅವಳಲ್ಲಿ ಇದೆ ಎಂದು ನನಗೆ ಗೊತ್ತಿರಲಿಲ್ಲ. ಅವಳು ಕೇಳಿದಂತೆಲ್ಲ ಅಕ್ಕನ ಕಾರ್ಡುಗಳನ್ನು ಓದಿದೆ. ಕಾರ್ಖಾನೆಯ ಮೇಸ್ತ್ರಿಯ ಬಗ್ಗೆ ಕೇಳಿದಾಗ, "ಆ ಮೀಸೇಗೆ ಬಾಡಿಗೆ ಕೊಡ್ತಾನಾ ಇನ್ನೂ?" ಎಂಬ ೧೯೦೨ನೇ ಕಾರ್ಡು. ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನ್ನ ಬಾಯಿಂದ ಬಂದ ಮಾತಿಗೆ ಅಮ್ಮ ನಕ್ಕಿದ್ದು ಹುಟ್ಟಿದ ಮೇಲೆ ಅದೇ ಮೊದಲು. ಆ ಸಂಜೆ ಮನೆಯಲ್ಲಿ ಊಟಕ್ಕೆ ಕೂತಾಗ ಅದೇ ಬಾಯಿ, ಅದೇ ಅಮ್ಮ. "ಸಾರು ಹಾಕ್ಲಾ?" ಎಂದಳು. "ಹೂಂ" ಎಂದೆ.

ಆ ಭಾನುವಾರ ನನ್ನನ್ನು ನೋಡಲು ಬಂದಿದ್ದರು. ಗಂಡಿನ ಕಡೆಯವರು ಮೊದಲು ಮಾತಿನ ಮನೆಗೆ ಹೋಗಿ ಹೆಣ್ಣಿನ ಪೆಟ್ಟಿಗೆ ನೋಡುವುದು ರೂಢಿ. ಗಂಡಿನ ಸೋದರತ್ತೆ ನೋಡಿಕೊಂಡೇ ಬಂದಿದ್ದರು. ಉಪ್ಪಿಟ್ಟು ತಿಂದರು, ಕಾಫಿ ಕುಡಿದರು, ಚಪ್ಪಲಿ ಮೆಟ್ಟುವಾಗ ಹೇಳಿದರು: "ಕೈ ಹಾಕಿದ್ರೆ ಸೀದಾ ತಳಾನೇ ಸಿಗುತ್ತಲ್ಲ ದೇವೀರಮ್ಮ. ನಮ್ಮ ಹುಡುಗ ನಾಳೆ ಗೋಡೆ ಜೊತೆ ಸಂಸಾರ ಮಾಡ್ಬೇಕಾ?" ಅವರು ಹೋದ ಮೇಲೆ ಅಮ್ಮ ತಟ್ಟೆಗಳನ್ನು ತೊಳೆದು, ತೊಳೆದ ತಟ್ಟೆಗಳನ್ನೇ ಇನ್ನೊಂದು ಸಲ ತೊಳೆದಳು. ನಾನು ಹೋಗಿ ಅವಳ ಕೈಯಿಂದ ತಟ್ಟೆ ತೆಗೆದುಕೊಳ್ಳಬೇಕಿತ್ತು. ಕೋಣೆಯಲ್ಲಿ ಕೂತು ಡೈರಿ ಬರೆಯುತ್ತಿದ್ದೆ, ಹೋಗಿ ತಟ್ಟೆ ತೆಗೆದುಕೊಳ್ಳಬೇಕು ಎಂದು.

ಎರಡನೆಯ ಮಂಗಳವಾರ ಅಮ್ಮ ಬಂದು ಕೂತಳು. ತಡಿಕೆಯ ಕೆಳಗೆ ಒಂದು ಪಾದ ಇನ್ನೊಂದರ ಮೇಲೆ ಹತ್ತಿ ಕೂತಿತ್ತು. ನಾನೂ ಹಾಗೇ ಕೂರುತ್ತೇನೆ ಎಂದು ಆಗ ಗೊತ್ತಾಯಿತು.

"ಕಸ್ತೂರೀ, ಒಂದು ಕೇಳ್ಲಾ?"

"ಒಂದ್ಯಾಕೆ, ನೂರು ಕೇಳು. ನಾನೇನು ಸಂತೆಗೆ ಹೋಗ್ಬೇಕಾ?" ಕಾರ್ಡು ೧೨.

"ನಿನ್ನ ತಂಗಿ... ಕುಮ್ಮಿ. ಅವಳ ಒಳಗೇನಿದೆ ನಿಂಗಾದ್ರೂ ಗೊತ್ತಾ? ಬೇರೆಯವರ ಹತ್ರ ಬಿಡು, ನನ್ನ ಹತ್ರಾನೂ ಬಾಯಿ ಬಿಡಲ್ಲ. ನನ್ನ ಕಂಡ್ರೆ ಆಗಲ್ವೇನೇ ಅವಳಿಗೆ?"

ನಾನು ಬಟ್ಟಲನ್ನು ನೀರಿಗೆ ಬಿಟ್ಟೆ. ಬಿಡಬೇಕು, ಅದು ನಿಯಮ. ತೂತಿನಿಂದ ನೀರು ಸಣ್ಣಗೆ ಚಿಮ್ಮತೊಡಗಿತು. ನಾಲ್ಕನೆಯ ಪೆಟ್ಟಿಗೆ, 'ತಂಗಿ' ಎಂಬ ವಿಭಾಗ. ನನ್ನ ಬಗ್ಗೆ ಅಕ್ಕ ಹೇಳಿದ್ದು ಇನ್ನೂರ ಹದಿನಾಲ್ಕು ಕಾರ್ಡು. ಬೆರಳು ಓಡಿಸಿದೆ. ತಂಗಿ ಯಾಕೆ ಮಾತಾಡುವುದಿಲ್ಲ? 'ಮಾತಿಗೆ ಕಂದಾಯ ಹಾಕ್ತಾರೆ ಅಂದ್ಕೊಂಡಿದಾಳೆ.' ತಂಗಿಗೆ ಏನು ಇಷ್ಟ? 'ಹುಣಸೆ ಚಿಗುರು, ಮೂಲೆ.' ತಂಗಿ ಅತ್ತರೆ? 'ನಗಿಸ್ತೀನಿ. ನಗದಿದ್ರೆ ಚಿವುಟ್ತೀನಿ.' ನನ್ನನ್ನು ಅಷ್ಟು ಹತ್ತಿರದಿಂದ ಬಲ್ಲವರು ಇನ್ಯಾರೂ ಇರಲಿಲ್ಲ. ಆದರೂ ತಂಗಿಗೆ ಅಮ್ಮನನ್ನು ಕಂಡರೆ ಹೇಗೆ ಎಂದು ಬರಹದವರು ಅವಳನ್ನು ಕೇಳಿರಲಿಲ್ಲ. ಯಾರು ಕೇಳುತ್ತಾರೆ ಅದನ್ನು? ಬಟ್ಟಲು ಅರ್ಧ ತುಂಬಿತ್ತು. ಗಂಟೆ ನನ್ನ ಮಂಡಿಯ ಪಕ್ಕದಲ್ಲಿತ್ತು. ಅದನ್ನು ಬಾರಿಸಿದರೆ ನಾಳೆ ಬೆಳಿಗ್ಗೆ ಅಕ್ಕನ ಹನ್ನೊಂದು ಪೆಟ್ಟಿಗೆ ಕೈಗಾಡಿಯಲ್ಲಿ ಹೊರಡುತ್ತದೆ, ಅಮ್ಮ ಕೋಲು ಹಿಡಿದು ನಿಂತಿರುತ್ತಾಳೆ.

ತಾಮ್ರದ ಅಂಚು ನೀರಿಗೆ ಸಮನಾಯಿತು. ನಾನು ಮಡಕೆಗೆ ಬಾಯಿ ಕೊಟ್ಟೆ.

"ಆಗದೆ ಏನಮ್ಮ? ನೀನು ಕೆಲಸದಿಂದ ಬರೋ ಹೊತ್ತಿಗೆ ಅವಳು ಬಾಗಿಲ ಹಿಂದೆ ನಿಂತ್ಕೊಂಡು ಮೆಟ್ಟಿಲ ಮೇಲೆ ನಿನ್ನ ಚಪ್ಪಲಿ ಸದ್ದು ಎಣಿಸ್ತಾಳೆ. ಹದಿನೇಳು. ದಿನಾ ಎಣಿಸ್ತಾಳೆ, ಸ್ಕೂಲಿಗೆ ಹೋಗ್ತಿದ್ದಾಗಿಂದ್ಲೂ. ಒಂದಿನ ಹದಿನಾರಕ್ಕೇ ನಿಂತುಹೋದ್ರೆ ಏನು ಮಾಡೋದು ಅಂತ ಅವಳಿಗೆ ಭಯ. ಹದಿನೇಳು ಕೇಳಿದ ಮೇಲೇನೇ ಉಸಿರು ಬಿಡೋದು. ಆಮೇಲೆ ಓಡಿಹೋಗಿ ಏನೂ ಗೊತ್ತಿಲ್ಲದವಳ ಹಾಗೆ ಪುಸ್ತಕ ಹಿಡ್ಕೊಂಡು ಕೂತ್ಕೋತಾಳೆ."

ಬಟ್ಟಲು ಗುಳುಕ್ ಎಂದು ಮುಳುಗಿತು. ನನ್ನ ಕಿವಿ ಸುಡುತ್ತಿತ್ತು. ಅಷ್ಟು ಉದ್ದದ ಮಾತನ್ನು ನಾನು ಒಂದೇ ಉಸಿರಿಗೆ ಯಾರಿಗೂ ಆಡಿರಲಿಲ್ಲ. ಆಡಿದ್ದು ಮಡಕೆಗೆ, ಅಕ್ಕನ ಹೆಸರಿನಲ್ಲಿ. ತಡಿಕೆಯಾಚೆ ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿರಬೇಕು. ಅಳು ಬಟ್ಟೆಯೊಳಗಿಂದ ಬರುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಪಾದಗಳು ಎದ್ದು ಹೋದವು.

ಓದಿದ ಪ್ರತಿಯೊಂದು ಕಾರ್ಡಿನ ಅಂಕಿಯನ್ನೂ ಸಂಜೆ ಸಂಪಂಗಪ್ಪನವರ ಪುಸ್ತಕದಲ್ಲಿ ಬರೆದು ಹೋಗಬೇಕು. ಇಲ್ಲದ ಕಾರ್ಡಿಗೆ ಅಂಕಿ ಎಲ್ಲಿಂದ ತರಲಿ? ಖಾಲಿ ಕಾರ್ಡೊಂದನ್ನು ತೆಗೆದು ಬರಹದವರ ದುಂಡಕ್ಷರದಲ್ಲಿ ಮೇಲೆ ಅಮ್ಮನ ಪ್ರಶ್ನೆ, ಕೆಳಗೆ ನಾನು ಹೇಳಿದ್ದನ್ನು ಬರೆದೆ. ಅಕ್ಕನ ಕೊನೆಯ ಕಾರ್ಡಿನ ಮುಂದಿನ ಅಂಕಿ ಹಾಕಿ, ತಂಗಿ ವಿಭಾಗದ ಹಿಂದೆ ಸಿಕ್ಕಿಸಿದೆ. ಕಿಟಕಿಯ ಬೆಳಕಿನಲ್ಲಿ ಆ ಕಾರ್ಡಿನೊಳಗೆ ಯಾರದೋ ಹಳೆಯ ಮಾತಿನ ನೆರಳಿತ್ತು, ಓದಲು ಆಗಲಿಲ್ಲ.

ಆ ಸಂಜೆ ಅಮ್ಮ ನನ್ನ ತಟ್ಟೆಗೆ ಕೇಳದೆಯೇ ಎರಡನೆಯ ಸಲ ಸಾರು ಹಾಕಿದಳು. ಎರಡು ಸಲ ನನ್ನ ಮುಖ ನೋಡಿದಳು. ನಾನು ತಟ್ಟೆ ನೋಡಿದೆ.

ಮರುದಿನ ಬುಧವಾರ. ಸಂಜೆ ಎಂದಿನಂತೆ ಬಾಗಿಲ ಹಿಂದೆ ನಿಂತಿದ್ದೆ. ಚಪ್ಪಲಿ ಸದ್ದು ಬಂತು. ಎಣಿಸಿದೆ. ಹತ್ತರಲ್ಲಿ ಅವಳು ಉಸಿರು ತೆಗೆದುಕೊಳ್ಳಲು ನಿಲ್ಲುತ್ತಾಳೆ, ನಿಂತಳು. ಹದಿಮೂರು. ಹದಿನಾಲ್ಕು. ಹದಿನೈದು. ಹದಿನಾರು.

ಮುಂದಿನದು ಬರಲಿಲ್ಲ.

ಬಾಗಿಲ ಆಚೆ ಅವಳ ಉಸಿರು ಕೇಳುತ್ತಿತ್ತು. ಈಚೆ ನನ್ನ ಕೈ ಚಿಲಕದ ಮೇಲಿತ್ತು. ಅವಳು ಬೇಕೆಂದೇ ನಿಂತಿದ್ದಾಳೆ ಎಂದು ಅರ್ಥವಾಗಲು ನನಗೆ ಬಹಳ ಹೊತ್ತು ಬೇಕಾಗಲಿಲ್ಲ. ಚಿಲಕ ತೆಗೆದರೆ ಸಾಕಿತ್ತು. ಮಾತೂ ಬೇಕಿರಲಿಲ್ಲ. ಬಾಗಿಲು ತೆರೆದುಕೊಂಡರೆ, ಅಲ್ಲಿ ನಾನು ನಿಂತಿದ್ದರೆ, ಅದೇ ಉತ್ತರ. ಹದಿನೇಳಾದರೆ ಏನು ಮಾಡಬೇಕೆಂದು ನನ್ನ ಕಾಲಿಗೆ ಗೊತ್ತಿತ್ತು, ಹತ್ತು ಹನ್ನೆರಡು ವರ್ಷದ ಅಭ್ಯಾಸ. ಹದಿನಾರಕ್ಕೆ ನನ್ನಲ್ಲಿ ಕಾರ್ಡಿರಲಿಲ್ಲ. ಕೈಗೆ 'ತೆಗಿ' ಎಂದೆ. ಕೈ ಬೇರೆ ಯಾರದೋ ಆಗಿತ್ತು. ಕಿವಿ ಬಿಸಿಯಾಯಿತು, ಮಾತುಗಳು ಒಂದೊಂದಾಗಿ ಜೋಡಿಸಿಕೊಳ್ಳತೊಡಗಿದವು, ಅಮ್ಮ ಎನ್ನಬೇಕೇ, ಬಾ ಎನ್ನಬೇಕೇ, ಮೊದಲು ಯಾವುದು.

ಚಪ್ಪಲಿ ಸದ್ದಾಯಿತು. ಹದಿನೇಳು.

ಅಮ್ಮ ಒಳಗೆ ಬಂದಾಗ ನಾನು ಪುಸ್ತಕ ಹಿಡಿದುಕೊಂಡು ಕೂತಿದ್ದೆ.

ಅವಳು ಕೈಚೀಲ ಗೂಟಕ್ಕೆ ಹಾಕಿ, ಕೈಕಾಲು ತೊಳೆದು ಬಂದು ನನ್ನ ಎದುರಿಗೆ ಕೂತಳು. ಮುಖದಲ್ಲಿ ಸಿಟ್ಟಿರಲಿಲ್ಲ. ಎಂಥದೋ ಬೆಳಕಿತ್ತು, ಅದನ್ನು ನೋಡಿ ನನಗೆ ಹೆದರಿಕೆಯಾಯಿತು.

"ನಿಮ್ಮಕ್ಕ ನಿನ್ನೆ ನಂಗೆ ಸುಳ್ಳು ಹೇಳಿದ್ಲು ಕಣೇ" ಎಂದಳು.

ನಾನು ಪುಟ ತಿರುವಿದೆ.

"ನಿನ್ನ ವಿಷಯಾನೇ. ಏನೋ ಒಂದು ಹೇಳಿದ್ಲು, ಬಿಡು. ನಂಗೂ ಅನುಮಾನ. ಅದಕ್ಕೇ ಇವತ್ತು ಮೆಟ್ಟಿಲ ಮೇಲೆ ನಿಂತು ನೋಡ್ದೆ. ಬಟ್ಟಲು ಎರಡು ಸಲ ಮುಳುಗಬೇಕು, ಅಷ್ಟು ಹೊತ್ತು ನಿಂತಿದ್ದೆ. ಎಲ್ಲಾ ಸುಳ್ಳು." ಅವಳು ನಕ್ಕಳು. ಗೋಡೆಯಾಚೆಯಿಂದ ಕೇಳುತ್ತಿದ್ದ ಅದೇ ನಗು, ಮನೆಯೊಳಗೆ. "ನಿಂಗೆ ಅರ್ಥ ಆಯ್ತೇನೇ ಇದು? ಕಾರ್ಡಿಗೆ ಸುಳ್ಳು ಹೇಳೋಕೆ ಬರಲ್ಲ. ಇಪ್ಪತ್ತೆರಡು ವರ್ಷ ಬೇಯಿಸಿದೀನಿ, ನಂಗೊತ್ತಿಲ್ವಾ? ಬರೆದಿದ್ದು ಬಿಟ್ರೆ ಕಾಗದಕ್ಕೆ ಇನ್ನೇನು ಗೊತ್ತು? ಅಮ್ಮಂಗೆ ನೋವಾಗ್ಬಾರ್ದು ಅಂತ ಕಂಡು, ಅಲ್ಲೇ, ಆ ಹೊತ್ತಿಗೇ, ಇಲ್ಲದ್ದನ್ನ ಕಟ್ಟಿ ಹೇಳ್ಬೇಕು ಅಂದ್ರೆ..." ಅವಳ ಸುಲಿದ ಅಂಗೈಗಳು ಒಂದನ್ನೊಂದು ಹಿಡಿದುಕೊಂಡವು. "ಅಲ್ಲಿ ಅವಳಿದಾಳೆ ಕಣೇ. ನಾನು ಇಷ್ಟು ದಿನ ಕಾಗದ ಕಾಗದ ಅಂತಿದ್ದೆ. ಕಾಗದ ಅಲ್ಲ. ಅವಳೇ ಇದಾಳೆ."

ಅಮ್ಮಾ, ಅದು ನಾನು. ಮೂರೇ ಪದ, ಆಗಲೇ ಜೋಡಿಸಿಯೂ ಆಗಿತ್ತು. ಈ ಸಲ ತಡವೂ ಆಗಿರಲಿಲ್ಲ. ಅವಳು ಮುಂದಿನ ಪ್ರಶ್ನೆಗೆ ಹೋಗಿರಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಆ ಮೂರು ಪದ ಆಚೆ ಬಂದರೆ ಅವಳಿಗೆ ನಾನು ಸಿಗುತ್ತಿದ್ದೆ, ಬಹುಶಃ. ಅಕ್ಕ ಹೋಗುತ್ತಿದ್ದಳು. ಪೆಟ್ಟಿಗೆಗಳು ಹೋಗುವುದಷ್ಟೇ ಅಲ್ಲ, ಈಗ ಈ ಕ್ಷಣಕ್ಕೆ ಅಮ್ಮನ ಮುಖದಲ್ಲಿ ಬಂದು ಕೂತಿರುವ ಅಕ್ಕ. ಹನ್ನೊಂದು ಪೆಟ್ಟಿಗೆಗೆ ಬದಲು ಅರ್ಧ.

"ಹೂಂ" ಎಂದೆ.

"ಹೂಂ ಅಂತೆ" ಎಂದು ಅಮ್ಮ ಎದ್ದಳು. ಬೈಗುಳದ ದನಿಯಲ್ಲ. ಅಡುಗೆಮನೆಯಿಂದ, "ಸತ್ತೋಳು ನಂಗೋಸ್ಕರ ಸುಳ್ಳು ಕಟ್ತಾಳೆ. ಬದುಕಿರೋಳ ಕೈಲಿ ಒಂದು ನಿಜ ಹೇಳೋಕಾಗಲ್ಲ" ಎಂದದ್ದು ಕೇಳಿಸಿತು. ಅದನ್ನು ನನಗೆ ಹೇಳಿದ್ದೋ ಅಕ್ಕನಿಗೆ ಹೇಳಿದ್ದೋ ತಿಳಿಯಲಿಲ್ಲ. ಒಗ್ಗರಣೆಯ ಸದ್ದು ಮೇಲೆದ್ದಿತು.

ಎರಡು ವಾರಕ್ಕೆ ಅಮೀನಾಬಿ ಖರ್ಜೂರ ಹಂಚುತ್ತಾ ವಾಪಸ್ಸು ಬಂದರು. ಹುಟ್ಟಿದ್ದು ಮೊಮ್ಮಗಳು. ಮೊದಲ ಮಂಗಳವಾರ ಸಂಜೆ ನನ್ನ ಪಕ್ಕ ಬಂದು, "ತಂಗಿ ಪೆಟ್ಟಿಗೇಲಿ ಒಂದು ಹೊಸ ಕಾರ್ಡಿದೆ" ಎಂದರು. ನಾನು ನೆಲ ನೋಡಿದೆ. "ನಿಮ್ಮಮ್ಮ ಅದನ್ನೇ ಕೇಳಿದ್ರು. ಓದ್ದೆ. ಅತ್ತರು" ಎಂದು ಚೀಲ ಹೆಗಲಿಗೇರಿಸಿಕೊಂಡು, "ಮೂವತ್ತು ವರ್ಷದಲ್ಲಿ ಓದ್ತಾ ಓದ್ತಾ ನನ್ನ ಕೈ ನಿಧಾನ ಆಗಿದ್ದು ಇವತ್ತೇ ಕಣೇ" ಎಂದರು. ಮತ್ತೆ ಆ ಮಾತು ಎತ್ತಲಿಲ್ಲ. ಈಗ ಅಮ್ಮ ಪ್ರತಿ ಮಂಗಳವಾರವೂ ಅದನ್ನೇ ಕೇಳುತ್ತಾಳೆ. ಅಮೀನಾಬಿ ಅದನ್ನೇ ಓದುತ್ತಾರೆ. ನಾನು ಪಕ್ಕದ ಕೋಣೆಯಲ್ಲಿ ಇನ್ಯಾರನ್ನೋ ಓದುತ್ತಾ ಗೋಡೆಗೆ ಕಿವಿ ಕೊಡುತ್ತೇನೆ. ನಾನು ಹೇಳಿದಾಗ ಅತ್ತಿದ್ದಳಲ್ಲ, ಅಮೀನಾಬಿ ಓದಿದಾಗಲೂ ಅಮ್ಮ ಅಷ್ಟೇ ಅಳುತ್ತಾಳೆ. ಹೆಚ್ಚಿಲ್ಲ, ಕಡಿಮೆಯಿಲ್ಲ.

ಹೋದ ತಿಂಗಳು ಬರಹದವರು ಬಂದಿದ್ದರು. ಅಮ್ಮ ಪಕ್ಕದಲ್ಲೇ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಎಂದಿನ ಪ್ರಶ್ನೆಗಳು, ಎಂದಿನ ಹೂಂ, ಇಲ್ಲ, ಗೊತ್ತಿಲ್ಲ. ಮೂರನೆಯ ದಿನ ಅವರು ಬೇಸರಕ್ಕೋ ಏನೋ, ಯಾವತ್ತೂ ಕೇಳದ್ದನ್ನು ಕೇಳಿದರು.

"ನಿಮ್ಮಮ್ಮ ಕೆಲಸದಿಂದ ಬರೋ ಹೊತ್ತಿಗೆ ನೀನೇನು ಮಾಡ್ತಿರ್ತೀಯಮ್ಮ?"

ಕಾಯಿ ಬಿಡಿಸುವ ಸದ್ದು ನಿಂತಿತು. ನಾನು ತಲೆ ಎತ್ತಲಿಲ್ಲ. ಮೊರದ ಮೇಲೆ ನಿಂತುಹೋದ ಅಮ್ಮನ ಬೆರಳುಗಳು ಮಾತ್ರ ಕಾಣುತ್ತಿದ್ದವು. ಒಂದು ಸಿಪ್ಪೆ ಅರ್ಧ ಬಿಚ್ಚಿಕೊಂಡಿತ್ತು.

"ಓದ್ತಾ ಕೂತಿರ್ತೀನಿ" ಎಂದೆ.

ಅವರು ಬರೆದುಕೊಂಡರು. ಅಂಕಿ ಹಾಕಿ, ಶಾಯಿ ಒಣಗಲೆಂದು ಊದಿದರು. ಬೆರಳುಗಳು ಮತ್ತೆ ಕಾಯಿ ಬಿಡಿಸತೊಡಗಿದವು. ಕೇಳಿದಾಗ ಬಾಯಿಂದ ಬಂದದ್ದೇ ಲೆಕ್ಕ. ಎಂದಾದರೊಂದು ದಿನ ನನ್ನ ಅರ್ಧ ಪೆಟ್ಟಿಗೆಯ ಮುಂದೆ ಯಾರಾದರೂ ಬಂದು ಕೂತರೆ ನಾನು ಓದುತ್ತಾ ಕೂತಿರುವ ಹುಡುಗಿ.

ಆದರೆ ಒಂದು ವಿಷಯ ಯಾವ ಕಾರ್ಡಿನಲ್ಲೂ ಇಲ್ಲ, ಡೈರಿಯಲ್ಲಿ ಮಾತ್ರ ಇದೆ. ಆ ಬುಧವಾರದ ನಂತರ ಅಮ್ಮ ದಿನವೂ ಹದಿನಾರನೆಯ ಮೆಟ್ಟಿಲ ಮೇಲೆ ನಿಲ್ಲುತ್ತಾಳೆ. ಬಹಳ ಹೊತ್ತಲ್ಲ. ಮಂಡಿ ನೋವು ಬಂದಿರಬಹುದು. ಉಸಿರು ತೆಗೆದುಕೊಳ್ಳುವ ಜಾಗ ಹತ್ತರಿಂದ ಹದಿನಾರಕ್ಕೆ ಬಂದಿರಬಹುದು. ಸುಳ್ಳು ಎಂದು ಇನ್ನೊಂದು ಸಲ ಗೊತ್ತುಮಾಡಿಕೊಂಡು, ಅಕ್ಕ ಇದ್ದಾಳೆ ಎಂದು ಇನ್ನೊಂದು ದಿನಕ್ಕೆ ನಂಬಿಕೊಂಡು ಒಳಗೆ ಬರುತ್ತಿರಬಹುದು. ನಾನು ಬಾಗಿಲ ಈಚೆ ಚಿಲಕದ ಮೇಲೆ ಕೈಯಿಟ್ಟು ನಿಂತಿರುತ್ತೇನೆ, ಉಸಿರು ಬಿಗಿಹಿಡಿದು, ಸದ್ದಾಗದಂತೆ. ಮೊದಲು ಕೈ ಏಳುತ್ತಿರಲಿಲ್ಲ. ಈಗ ಏಳದಂತೆ ಹಿಡಿದುಕೊಂಡಿರುತ್ತೇನೆ.

ಹದಿನೇಳು. ಓಡಿಹೋಗಿ ಪುಸ್ತಕ ತೆಗೆಯುತ್ತೇನೆ.